ದಿನಕ್ಕೆ 40 ಗ್ರಾಂ ಗ್ಯಾಸ್ ಉಳಿದರೆ ವರ್ಷಕ್ಕೊಂದು ಸಿಲಿಂಡರ್

ಮಾನ್ಯ ಸಂಪಾದಕರೇ,

ಬೆಲೆ ಏರಿದಾಗಲೆಲ್ಲ ಪತ್ರಿಕೆಗಳಲ್ಲಿ ಉಳಿತಾಯದ ಲೇಖನಗಳು ಬರುತ್ತವೆ. ಹೋಟೆಲಿಗೆ ಹೋಗುವುದನ್ನು ಕಡಿಮೆ ಮಾಡಿ, ಬೇಡದ ಬಟ್ಟೆ ಕೊಳ್ಳಬೇಡಿ, ಹೊರಗೆ ಕಾಫಿ ಕುಡಿಯಬೇಡಿ ಎಂದು ಬುದ್ಧಿ ಹೇಳುತ್ತವೆ. ತಿಂಗಳಿಗೆ ಹದಿನೈದು, ಇಪ್ಪತ್ತು ಸಾವಿರದಲ್ಲಿ ನಾಲ್ಕು ಜನರ ಸಂಸಾರ ತೂಗಿಸುವ ಮನೆಯವರು ಇವನ್ನೆಲ್ಲ ಎಂದೋ ಬಿಟ್ಟಾಗಿದೆ. ಅಂಥ ಮನೆಯಲ್ಲಿ ದುಡ್ಡು ಸೋರುವ ಜಾಗಗಳೇ ಬೇರೆ: ಒಲೆಯ ಮೇಲೆ, ಬಚ್ಚಲಲ್ಲಿ, ಮೀಟರ್ ಬೋರ್ಡಿನಲ್ಲಿ, ಅಂಗಡಿಯಿಂದ ಬಂದ ಪೊಟ್ಟಣದಲ್ಲಿ. ತಿಂಗಳ ಕೊನೆಗೆ ರೂಪಾಯಿ ಲೆಕ್ಕ ಬರೆದರೆ ಆ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಗ್ರಾಂ, ಯೂನಿಟ್, ದಿನ ಎಂದು ಅಳೆದು ನೋಡಿದರೆ ಕಾಣುತ್ತದೆ. ಬಿಗಿ ಸಂಸಾರಕ್ಕೆ ಮೊದಲು ಬೇಕಾದದ್ದು ಈ ಅಳತೆ ಎಂಬುದನ್ನು ವಿವರವಾಗಿ ಹೇಳಲೆಂದೇ ಈ ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಅಂಕಿಗಳನ್ನು ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಮೊದಲು ಗ್ಯಾಸ್. ಮನೆಗೆ ಬರುವ ಕೆಂಪು ಸಿಲಿಂಡರಿನಲ್ಲಿ ಇರಬೇಕಾದ ಅನಿಲ 14.2 ಕೆ.ಜಿ. ಖಾಲಿ ಸಿಲಿಂಡರಿನ ತೂಕ ಪ್ರತಿಯೊಂದಕ್ಕೂ ಬೇರೆ ಬೇರೆ. ಕತ್ತಿನ ಸುತ್ತ ಇರುವ ಪಟ್ಟಿಗಳಲ್ಲಿ ಒಂದರ ಮೇಲೆ ಅದನ್ನು ಬರೆದಿರುತ್ತಾರೆ, ಸಾಮಾನ್ಯವಾಗಿ 15ರಿಂದ 16 ಕೆ.ಜಿ. ಒಳಗೆ. 15.3 ಎಂದಿದ್ದರೆ ತುಂಬಿದ ಸಿಲಿಂಡರ್ 29.5 ತೂಗಬೇಕು. ತಂದುಕೊಡುವವರ ಬಳಿ ತೂಕದ ಕೊಂಡಿ, ಅಂದರೆ ಸಿಲಿಂಡರನ್ನು ನೇತುಹಾಕಿ ತೂಗುವ ತಕ್ಕಡಿ, ಇರಲೇಬೇಕು, ನಮ್ಮೆದುರಿಗೆ ತೂಗಿ ತೋರಿಸಿ ಎಂದು ಕೇಳುವುದು ಗ್ರಾಹಕರ ಹಕ್ಕು. ಕೇಳಲು ಸಂಕೋಚಪಡುವವರೇ ಹೆಚ್ಚು. ಅದೇ ಪಟ್ಟಿಗಳ ಮೇಲೆ ಎ, ಬಿ, ಸಿ, ಡಿ ಎಂಬ ಅಕ್ಷರವೊಂದು, ಜೊತೆಗೆ ವರ್ಷದ ಎರಡು ಅಂಕಿಗಳು ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಮೂರು ಮೂರು ತಿಂಗಳು. ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾದ ಅವಧಿ ಅದು. ದಾಟಿದ್ದರೆ ಆ ಸಿಲಿಂಡರ್ ಬೇಡ ಎನ್ನಿ.

ಹೊಸ ಸಿಲಿಂಡರ್ ಹಾಕಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಹಾಲಿನ ಲೆಕ್ಕ ಬರೆಯುವ ಅದೇ ಚೌಕದಲ್ಲಿ ಸಾಕು. ಮುಗಿದ ದಿನವನ್ನೂ ಬರೆಯಿರಿ. 14,200 ಗ್ರಾಂ ಅನ್ನು ಬಂದ ದಿನಗಳಿಂದ ಭಾಗಿಸಿದರೆ ದಿನದ ಖರ್ಚು ಸಿಗುತ್ತದೆ. 45 ದಿನ ಬಂದರೆ ದಿನಕ್ಕೆ ಸುಮಾರು 315 ಗ್ರಾಂ. 36 ದಿನಕ್ಕೇ ಮುಗಿದರೆ 394. ಈ ಒಂದು ಅಂಕಿ ಗೊತ್ತಾದ ಮನೆಯಲ್ಲಿ ಅಡುಗೆಮನೆಯ ಮಾತೇ ಬದಲಾಗುತ್ತದೆ. ದಿನಕ್ಕೆ 40 ಗ್ರಾಂ ಉಳಿಸಿದರೆ ವರ್ಷಕ್ಕೆ 14.6 ಕೆ.ಜಿ., ಅಂದರೆ ಪೂರ್ತಿ ಒಂದು ಸಿಲಿಂಡರ್. 40 ಗ್ರಾಂ ಎಂದರೆ ಎಷ್ಟು? ದೊಡ್ಡ ಬರ್ನರ್ ಪೂರ್ತಿ ಉರಿದರೆ ಗಂಟೆಗೆ 200 ಗ್ರಾಂ ದಾಟಿ ಸುಡುತ್ತದೆ, ಸಣ್ಣದು ಸುಮಾರು 150. ಹಾಗಾಗಿ ದೊಡ್ಡ ಬರ್ನರ್ ಅನ್ನು ಹನ್ನೆರಡು ನಿಮಿಷ ಆರಿಸಿದರೆ ಆ 40 ಗ್ರಾಂ ಕೈಸೇರುತ್ತದೆ.

ಎಲ್ಲಿಂದ ಆ ಹನ್ನೆರಡು ನಿಮಿಷ ತರುವುದು? ಅನೇಕ ಮನೆಗಳಲ್ಲಿ ಅತಿ ದೊಡ್ಡ ಸೋರಿಕೆ ಅಡುಗೆಯಲ್ಲಿ ಇರುವುದೇ ಇಲ್ಲ, ಸ್ನಾನದ ನೀರಿನಲ್ಲಿ ಇರುತ್ತದೆ. ಒಬ್ಬರ ಸ್ನಾನಕ್ಕೆ 15 ಲೀಟರ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಕಾಯಿಸಲು ಗ್ಯಾಸ್ ಒಲೆಯಲ್ಲಿ ಸುಮಾರು 45 ಗ್ರಾಂ ಬೇಕು. ನಾಲ್ಕು ಜನಕ್ಕೆ 180 ಗ್ರಾಂ. ದಿನಕ್ಕೆ 315 ಗ್ರಾಂ ಸುಡುವ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಚ್ಚಲಿಗೆ ಹೋಯಿತು. ಒಂದು ಪಾತ್ರೆ ನೀರನ್ನು ಕೊತಕೊತ ಕುದಿಸಿ ಬಕೆಟ್ಟಿನ ತಣ್ಣೀರಿಗೆ ಬೆರೆಸಿದರೆ ಗ್ಯಾಸ್ ಉಳಿಯುತ್ತದೆ ಎಂಬ ನಂಬಿಕೆ ಇದೆ. ಉಳಿಯುವುದಿಲ್ಲ. ಬಕೆಟ್ಟಿಗೆ ಸೇರಬೇಕಾದ ಶಾಖ ಎರಡೂ ಕ್ರಮದಲ್ಲಿ ಒಂದೇ, ಕುದಿಯುವ ನೀರಿನಿಂದ ಆವಿಯಾಗಿ ಹೋಗುವುದು ಮೇಲಿನ ನಷ್ಟ. ನಮ್ಮ ತೆಂಗಿನ ಸೀಮೆಯಲ್ಲಿ ಹಂಡೆ ಒಲೆ ಇನ್ನೂ ಇರುವ ಮನೆಗಳು ಸೋಗೆ, ಮಟ್ಟೆ, ಚಿಪ್ಪು ಉರಿಸಿ ಈ ಖರ್ಚನ್ನು ಪೂರ್ತಿ ತಪ್ಪಿಸಿಕೊಂಡಿವೆ. ಬೇಸಿಗೆಯಲ್ಲಿ ತಾರಸಿಯ ಮೇಲೆ ಕಪ್ಪು ಡ್ರಮ್ಮಿನಲ್ಲಿ ಬೆಳಿಗ್ಗೆ ತುಂಬಿಟ್ಟ ನೀರು ಮಧ್ಯಾಹ್ನಕ್ಕೆ ಸ್ನಾನದ ಹದಕ್ಕೆ ಬರುತ್ತದೆ. ಇವೆರಡೂ ಇಲ್ಲದವರು ಬಕೆಟ್ಟಿನ ನೀರಿನಲ್ಲಿ ಮುಳುಗಿಸುವ ವಿದ್ಯುತ್ ಕಾಯಿಲ್ ಬಳಸುತ್ತಾರೆ. 1,500 ವಾಟ್‌ನ ಕಾಯಿಲ್ 15 ಲೀಟರನ್ನು 20 ಡಿಗ್ರಿ ಏರಿಸಲು ಸುಮಾರು ಕಾಲು ಗಂಟೆ ತೆಗೆದುಕೊಳ್ಳುತ್ತದೆ, ಖರ್ಚು 0.37 ಯೂನಿಟ್ ಆಸುಪಾಸು. ನಾಲ್ಕು ಜನಕ್ಕೆ ತಿಂಗಳಿಗೆ 45 ಯೂನಿಟ್. ಇದು ಲಾಭವೋ ನಷ್ಟವೋ ಎಂಬುದು ನಿಮ್ಮ ವಿದ್ಯುತ್ ಬಿಲ್ಲಿನಲ್ಲಿ ಎಷ್ಟು ಯೂನಿಟ್ ಜಾಗ ಉಳಿದಿದೆ ಎಂಬುದರ ಮೇಲೆ ನಿಂತಿದೆ. ಅದನ್ನು ಮುಂದೆ ಹೇಳುತ್ತೇನೆ. ಕಾಯಿಲ್‌ಗೆ ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ಇರುವ ಸಾಕೆಟ್, ಪ್ಲಾಸ್ಟಿಕ್ ಬಕೆಟ್, ಗುರುತಿನವರೆಗೆ ಮುಳುಗಿರುವ ಸುರುಳಿ ಇರಲೇಬೇಕು. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಬೆರಳು ಹಾಕಬೇಕು. ಮಕ್ಕಳಿರುವ ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಯೇ ಕಾಯಿಸಿ.

ಇನ್ನು ಬೇಳೆ. ಬೇಳೆ ಬೇಯುವುದಿಲ್ಲ ಎಂಬ ದೂರು ಬಯಲುಸೀಮೆಯಲ್ಲಿ ಮನೆಮನೆಯದು, ಅಂಗಡಿಯವನು ಹಳೇ ಬೇಳೆ ಕೊಟ್ಟ ಎಂದು ಬೈಯುವುದೂ ವಾಡಿಕೆ. ವರ್ಷ ಕಳೆದ ಬೇಳೆ, ಸೆಖೆಯಲ್ಲಿ ಇಟ್ಟ ಬೇಳೆ ಗಟ್ಟಿಯಾಗುವುದು ನಿಜ. ಆದರೆ ಎಷ್ಟೋ ಸಲ ತಪ್ಪು ನೀರಿನದು. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಅವು ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತವೆ, ಬೇಳೆ ಬಿರಿಯುವುದಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ, ಸೋಪು ನೊರೆ ಬರದಿದ್ದರೆ ಗಡಸು ನೀರೆಂದೇ ತಿಳಿಯಿರಿ. ಪರೀಕ್ಷೆ ಸುಲಭ. ಒಂದೇ ಬೇಳೆಯನ್ನು ಎರಡು ಸಣ್ಣ ಡಬ್ಬಿಗೆ ಹಾಕಿ, ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಅಥವಾ ಹಿಡಿದಿಟ್ಟ ಮಳೆನೀರು ಹಾಕಿ, ಒಂದೇ ಕುಕ್ಕರಿನಲ್ಲಿ ಇಟ್ಟು ಬೇಯಿಸಿ. ಮುಚ್ಚಳ ತೆಗೆದಾಗ ಒಂದರಲ್ಲಿ ಬೇಳೆ ಸೌಟು ತಾಗಿದರೆ ಕರಗುತ್ತದೆ, ಇನ್ನೊಂದರಲ್ಲಿ ಕಾಳು ಕಾಳಾಗಿಯೇ ಕೂತಿರುತ್ತದೆ. ದಿನದ ಬೇಳೆಗೆ ಮುಕ್ಕಾಲು ಲೀಟರ್ ಕ್ಯಾನ್ ನೀರು ಸಾಕು. ಅದರ ಬೆಲೆ ಪೈಸೆಗಳಲ್ಲಿ, ಉಳಿಯುವ ಗ್ಯಾಸಿನ ಬೆಲೆ ರೂಪಾಯಿಗಳಲ್ಲಿ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಬೇಯುವುದೇನೋ ಬೇಯುತ್ತದೆ, ಆದರೆ ಬೇಳೆಯಲ್ಲಿರುವ ಬಿ1 ಜೀವಸತ್ವ ಹಾಳಾಗುತ್ತದೆ. ಬೇಳೆಯೇ ಮುಖ್ಯ ಪುಷ್ಟಿಯಾಗಿರುವ ಮನೆ ಅದನ್ನು ಕಳೆದುಕೊಳ್ಳಬಾರದು. ಹುಣಸೆಹಣ್ಣು, ಟೊಮ್ಯಾಟೊ ಮೊದಲೇ ಹಾಕುವುದೂ ತಪ್ಪು. ಹುಳಿ ಬಿದ್ದ ಮೇಲೆ ಬೇಳೆ ಮೆತ್ತಗಾಗಲು ಹೆಚ್ಚು ಹೊತ್ತು ಬೇಡುತ್ತದೆ. ಬೇಳೆ ಬೆಂದ ಮೇಲೆಯೇ ಹುಳಿ.

ಕುಕ್ಕರ್ ಎಷ್ಟು ಸಲ ಕೂಗಬೇಕು ಎಂದು ಎಣಿಸುವ ಅಭ್ಯಾಸವನ್ನೂ ಬಿಡಬೇಕು. ಕೂಗು ಎಂದರೆ ಹೆಚ್ಚಾದ ಆವಿ ಹೊರಗೆ ಹೋದದ್ದು, ಅಷ್ಟು ಗ್ಯಾಸ್ ಗಾಳಿಗೆ ಹೋದದ್ದು. ಕುಕ್ಕರ್ ಕೆಲಸ ಮಾಡುವುದು ಒಳಗಿನ ಒತ್ತಡದಲ್ಲಿ ನೀರು 120 ಡಿಗ್ರಿ ಹತ್ತಿರಕ್ಕೆ ಹೋಗುವುದರಿಂದ. ಉರಿ ಎಷ್ಟು ಜೋರು ಮಾಡಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಹಾಗಾಗಿ ಮೊದಲ ಕೂಗು ಬಂದ ತಕ್ಷಣ ಸಣ್ಣ ಬರ್ನರಿಗೆ ಬದಲಿಸಿ, ಸಿಮ್‌ಗೆ ಇಳಿಸಿ, ತೂಕದ ಕೆಳಗೆ ಸಣ್ಣಗೆ ಸುಯ್ ಎನ್ನುವಷ್ಟು ಉರಿ ಇಟ್ಟುಕೊಂಡು ನಿಮಿಷ ಎಣಿಸಿ. ಒಂದು ಗಂಟೆ ನೆನೆದ ತೊಗರಿಬೇಳೆಗೆ 8ರಿಂದ 10 ನಿಮಿಷ. ರಾತ್ರಿಯಿಡೀ ನೆನೆದ ಹುರುಳಿಕಾಳಿಗೆ 15ರಿಂದ 20. ಅಕ್ಕಿಗೆ ಮೊದಲ ಕೂಗಿಗೇ ಆರಿಸಿ, ಒತ್ತಡ ತಾನಾಗಿ ಇಳಿಯುವವರೆಗೆ ಮುಟ್ಟದೆ ಬಿಟ್ಟರೆ ಉಳಿದದ್ದು ಒಳಗಿನ ಬಿಸಿಯಲ್ಲೇ ಬೇಯುತ್ತದೆ. ಅವಸರಕ್ಕೆ ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡಿದರೆ ಆ ಬಿಸಿ ಬಚ್ಚಲಿಗೆ ಹೋಯಿತು. ಕುಕ್ಕರಿನ ಪಕ್ಕದಿಂದ ಆವಿ ಬರುತ್ತಿದ್ದರೆ ರಬ್ಬರ್ ಬಳೆ ಗಡುಸಾಗಿದೆ ಎಂದು ಅರ್ಥ. ಹೊಸ ರಬ್ಬರಿನ ಬೆಲೆ ತಿಂಗಳೊಳಗೆ ವಾಪಸು ಬರುತ್ತದೆ. ಬೇಳೆ ಹಾಕುವಾಗಲೂ ಅಕ್ಕಿ ಹಾಕುವಾಗಲೂ ನೀರು ಸೇರಿ ಕುಕ್ಕರಿನ ಅರ್ಧ ದಾಟಬಾರದು. ಬೇಳೆಯ ನೊರೆ ಆವಿಯ ತೂತು ಮುಚ್ಚಿದರೆ ಅಪಾಯ.

ಗ್ಯಾಸಿಗೂ ಕಾಸಿಗೂ ಒಟ್ಟಿಗೆ ಒದಗುವ ಅಡುಗೆ ನಮ್ಮಲ್ಲೇ ಇದೆ, ಬಸ್ಸಾರು. ನಾಲ್ಕು ಜನಕ್ಕೆ 150 ಗ್ರಾಂ ಹುರುಳಿಕಾಳು ಅಥವಾ ಅಲಸಂದೆ, ಎರಡು ಕಟ್ಟು ದಂಟಿನ ಸೊಪ್ಪು, ಒಂದೂಕಾಲು ಲೀಟರ್ ನೀರು. ಕಾಳು ಬೆಂದ ಮೇಲೆ ಸೊಪ್ಪು ಹಾಕಿ ಒಂದು ಕುದಿ, ಆಮೇಲೆ ಬಸಿಯುವುದು. ಬಸಿದ ನೀರಿಗೆ ಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು, ಸಾರಿನ ಪುಡಿ, ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿ ಐದು ನಿಮಿಷ ಕುದಿಸಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಉರಿಯಲ್ಲಿ ಎರಡು ಪದಾರ್ಥ, ಬೇಯಿಸಿದ ನೀರಿನ ಸತ್ವವೂ ಹೋಗಲಿಲ್ಲ. ಹುಣಸೆಹಣ್ಣು ಕಾಳು ಬೆಂದ ನಂತರವೇ ಬೀಳುವ ಈ ಕ್ರಮ ಮೇಲೆ ಹೇಳಿದ ಕಾರಣಕ್ಕೆ ಸರಿಯಾಗಿ ಕೂರುತ್ತದೆ. ಹುರುಳಿಯ ಪ್ರೋಟೀನ್ 100 ಗ್ರಾಮಿಗೆ ಸುಮಾರು 22 ಗ್ರಾಂ, ತೊಗರಿಬೇಳೆಯದೂ ಸರಿಸುಮಾರು ಅಷ್ಟೇ. ತೊಗರಿ ಬೆಲೆ ಹಾರಿದ ತಿಂಗಳು ವಾರಕ್ಕೆ ಮೂರು ದಿನ ಹುರುಳಿಗೆ ಹೋದರೆ ಮಕ್ಕಳ ಪುಷ್ಟಿಗೆ ಕೊರತೆಯಿಲ್ಲ.

ಒಲೆಯನ್ನೂ ಒಮ್ಮೆ ಬಗ್ಗಿ ನೋಡಿ. ಉರಿ ನೀಲಿಯಾಗಿರಬೇಕು. ಹಳದಿ ನಾಲಿಗೆ ಚಾಚುತ್ತಿದ್ದರೆ, ಪಾತ್ರೆ ತಳ ಮಸಿ ಹಿಡಿಯುತ್ತಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. ಬರ್ನರಿನ ಹಿತ್ತಾಳೆ ಬಿಲ್ಲೆ ತೆಗೆದು ಬಿಸಿನೀರಿಗೆ ಹುಣಸೆಹಣ್ಣು ಹಾಕಿ ಅರ್ಧ ಗಂಟೆ ನೆನೆಸಿ, ಪಿನ್ನಿನಿಂದ ತೂತು ಬಿಡಿಸಿ, ನೀರಿನ ಪಸೆ ಪೂರ್ತಿ ಒಣಗಿದ ಮೇಲೆ ಕೂರಿಸಿ. ಕೆಳಗಿನ ಜೆಟ್ಟಿನ ತೂತಿಗೆ ಮಾತ್ರ ಪಿನ್ನು ಹಾಕಬೇಡಿ, ಅದು ಅಗಲವಾದರೆ ಗ್ಯಾಸ್ ಖರ್ಚು ಶಾಶ್ವತವಾಗಿ ಏರುತ್ತದೆ. ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಏರಬಾರದು. ಮುಚ್ಚಳ ಹಾಕದೆ ಏನನ್ನೂ ಕುದಿಸಬಾರದು. ಅಗತ್ಯಕ್ಕಿಂತ ಹೆಚ್ಚು ಇಟ್ಟ ಪ್ರತಿ ಲೀಟರ್ ನೀರು ಕುದಿಯುವ ಹೊತ್ತಿಗೆ 11 ಗ್ರಾಂ ಗ್ಯಾಸ್ ತಿನ್ನುತ್ತದೆ. ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಲೇಬೇಕು, ಅಲ್ಲಿ ಉಳಿತಾಯ ನೋಡಬಾರದು. ವಾಸನೆ ಬಂದರೆ ಸೋಪು ನೀರು ಸವರಿ ಗುಳ್ಳೆ ನೋಡಿ, ಕಡ್ಡಿ ಗೀಚಬೇಡಿ. ಗ್ಯಾಸ್ ಸೋರಿಕೆಗೆ ದೇಶಕ್ಕೆಲ್ಲ ಒಂದೇ ತುರ್ತು ಸಂಖ್ಯೆ 1906.

ವಿದ್ಯುತ್ತಿನ ವಿಷಯಕ್ಕೆ ಬಂದರೆ, ಪ್ರತಿ ಮನೆಯ ಗೋಡೆಯಲ್ಲೂ ಒಂದು ಅಳತೆ ಯಂತ್ರ ಬಿಟ್ಟಿಯಾಗಿ ನೇತಾಡುತ್ತಿದೆ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಒಂದು ಸಣ್ಣ ಕೆಂಪು ದೀಪವಿದೆ. ಅದರ ಪಕ್ಕದಲ್ಲಿ 3200 ಅಥವಾ 1600 ಎಂಬಂಥ ಅಂಕಿ ಬರೆದಿರುತ್ತದೆ. ಒಂದು ಯೂನಿಟ್ ಉರಿಯುವಷ್ಟರಲ್ಲಿ ಆ ದೀಪ ಅಷ್ಟು ಸಲ ಮಿಣುಕುತ್ತದೆ ಎಂದು ಅದರ ಅರ್ಥ. ಮನೆಯ ಎಲ್ಲ ಸ್ವಿಚ್ಚು, ಪ್ಲಗ್ಗು ಆರಿಸಿ, ಒಂದು ಫ್ಯಾನನ್ನು ಮಾತ್ರ ಪೂರ್ತಿ ವೇಗದಲ್ಲಿ ಹಾಕಿ, ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಮಿಣುಕು ಎಣಿಸಿ. 3200ರ ಮೀಟರಿನಲ್ಲಿ ನಿಮಿಷಕ್ಕೆ 4 ಬಂದರೆ ಫ್ಯಾನ್ ಎಳೆಯುತ್ತಿರುವುದು 75 ವಾಟ್, ಹಳೇ ಫ್ಯಾನುಗಳ ಸಾಮಾನ್ಯ ಲೆಕ್ಕ. ಕಡಿಮೆ ಕರೆಂಟ್ ಎಳೆಯುವ ಮೋಟಾರಿನ ಹೊಸ ಬಿಎಲ್‌ಡಿಸಿ ಫ್ಯಾನಾದರೆ ಎರಡು ನಿಮಿಷಕ್ಕೆ 3 ಮಿಣುಕು, ಅಂದರೆ 28 ವಾಟ್. 1600ರ ಮೀಟರಾದರೆ ಮಿಣುಕು ಇದರ ಅರ್ಧ. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಫ್ಯಾನಿಗೆ ಈ ವ್ಯತ್ಯಾಸ ತಿಂಗಳಿಗೆ 17 ಯೂನಿಟ್. ಹಳೇ ಫ್ಯಾನಿಗೆ ದಪ್ಪ ಡಬ್ಬಿಯಂಥ ರೆಗ್ಯುಲೇಟರ್ ಇದ್ದರೆ ವೇಗ ಇಳಿಸಿದರೂ ಉಳಿಯುವುದು ಅತ್ಯಲ್ಪ, ಮಿಕ್ಕದ್ದು ಆ ಡಬ್ಬಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಕೈಯಿಟ್ಟು ನೋಡಿದರೆ ಬೆಚ್ಚಗಿರುತ್ತದೆ.

ಎಲ್ಲವನ್ನೂ ಆರಿಸಿದ ಮೇಲೂ ದೀಪ ಆಗೊಮ್ಮೆ ಈಗೊಮ್ಮೆ ಮಿಣುಕಿದರೆ ಏನೋ ಕರೆಂಟ್ ಎಳೆಯುತ್ತಿದೆ. ರಿಮೋಟಿನಲ್ಲಿ ಆರಿಸಿದ ಸೆಟ್‌ಟಾಪ್ ಬಾಕ್ಸ್ ಹತ್ತು ವಾಟ್ ಎಳೆದರೆ ತಿಂಗಳಿಗೆ 7 ಯೂನಿಟ್. ಇನ್ವರ್ಟರ್, ವೈಫೈ ಪೆಟ್ಟಿಗೆ, ಕರೆಗಂಟೆಯ ಟ್ರಾನ್ಸ್‌ಫಾರ್ಮರ್ ಇವನ್ನೂ ಕಿತ್ತು ನೋಡಿ. ಆಗಲೂ ನಿಲ್ಲದಿದ್ದರೆ ವೈರಿಂಗಿನಲ್ಲಿ ಸೋರಿಕೆ ಇದೆ, ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಅದು ಬಿಲ್ಲಿಗಿಂತ ಜೀವದ ಪ್ರಶ್ನೆ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ರಬ್ಬರ್ ಸಡಿಲ. ಒಂದು ಎಚ್‌ಪಿ ಪಂಪು ಅರ್ಧ ಗಂಟೆಗೆ ಅರ್ಧ ಯೂನಿಟ್ ತಿನ್ನುತ್ತದೆ, ಟ್ಯಾಂಕ್ ತುಂಬಿ ಚೆಲ್ಲುವ ಹತ್ತು ನಿಮಿಷ ಕರೆಂಟಿಗೂ ನೀರಿಗೂ ಎರಡು ನಷ್ಟ.

ಈ ಎಣಿಕೆ ಏಕೆ ಮುಖ್ಯ ಎಂದರೆ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದಷ್ಟೇ ಅನೇಕರು ತಿಳಿದಿದ್ದಾರೆ. ಪ್ರತಿ ಮನೆಗೂ ಅದರದೇ ಮಿತಿ ಇದೆ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಅದನ್ನು ಕಟ್ಟಿದ್ದಾರೆ. ತೀರಾ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಎಂದು ಆಮೇಲೆ ಬದಲಿಸಿದರು. ಸರಾಸರಿ 70 ಇದ್ದ ಮನೆಗೆ ಮಿತಿ 77. ಆ ತಿಂಗಳು 90 ಉರಿಸಿದರೆ 13 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿ ಒಂದು ಯೂನಿಟ್ ಆದರೂ ಪೂರ್ತಿ ಬಿಲ್ ನಮ್ಮದೇ. ಹಾಗಾಗಿ ರೀಡಿಂಗ್ ಆದ ದಿನದ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದು, ಪ್ರತಿ ಭಾನುವಾರ ಮೀಟರ್ ನೋಡಿ ಕಳೆಯಿರಿ. ಮಿತಿ 77 ಇರುವ ಮನೆಗೆ ವಾರಕ್ಕೆ 18 ಯೂನಿಟ್ ಸಿಗುತ್ತದೆ. ಕಾಯಿಲ್ ಇಡಬೇಕೋ ಬೇಡವೋ ಎಂಬುದಕ್ಕೆ ಉತ್ತರ ಇಲ್ಲಿದೆ: ತಿಂಗಳಿಗೆ 45 ಯೂನಿಟ್ ಜಾಗ ಇದ್ದರೆ ಕಾಯಿಲ್, ಇಲ್ಲದಿದ್ದರೆ ಆ 45 ಯೂನಿಟ್ಟಿನ ಬಿಲ್ಲನ್ನೂ 5.4 ಕೆ.ಜಿ. ಗ್ಯಾಸಿನ ದರವನ್ನೂ ಪಕ್ಕಪಕ್ಕ ಬರೆದು ನೋಡಿ. ಸಿಲಿಂಡರಿನ ದರವನ್ನು 14.2ರಿಂದ ಭಾಗಿಸಿದರೆ ಕೆ.ಜಿ. ದರ ಬರುತ್ತದೆ. ಗ್ಯಾಸ್ ಬಿಟ್ಟು ಪೂರ್ತಿ ಇಂಡಕ್ಷನ್ ಒಲೆಗೆ ಹೋಗುತ್ತೇವೆ ಎನ್ನುವವರು ಇದೇ ಲೆಕ್ಕ ಮಾಡಬೇಕು. ಒಂದು ಸಿಲಿಂಡರ್ ಮಾಡುವ ಅಡುಗೆಗೆ ಇಂಡಕ್ಷನ್‌ನಲ್ಲಿ ಸುಮಾರು 125ರಿಂದ 130 ಯೂನಿಟ್ ಬೇಕು. ಬಾಡಿಗೆ ಮನೆ ಬದಲಿಸುವವರು ಹಳೇ ಮನೆಯ ಆರ್‌ಆರ್ ನಂಬರಿನಿಂದ (ಬಿಲ್ಲಿನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ತಮ್ಮ ಹೆಸರು ಬಿಡಿಸಿ ಹೊಸದಕ್ಕೆ ಸೇರಿಸುವುದನ್ನು ಮರೆಯುತ್ತಾರೆ. ಮರೆತರೆ ಮೊದಲ ತಿಂಗಳೇ ಪೂರ್ತಿ ಬಿಲ್ ಬರುತ್ತದೆ.

ಅಂಗಡಿಯಲ್ಲಿ ಬೆಲೆ ನೋಡುವ ನಾವು ತೂಕ ನೋಡುವುದು ಕಡಿಮೆ. ಐದು ರೂಪಾಯಿ, ಹತ್ತು ರೂಪಾಯಿ ಪೊಟ್ಟಣಗಳ ಬೆಲೆ ಅಲ್ಲೇ ನಿಂತಿರುತ್ತದೆ, ಒಳಗಿನ ಗ್ರಾಂ ಇಳಿದಿರುತ್ತದೆ. ಎಣ್ಣೆಯಲ್ಲಿ ಇದು ಜೋರು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಲೀಟರ್ ಪಾಕೆಟ್ಟಿನಷ್ಟೇ ಕಾಣುವ 850, 800 ಮಿಲಿಲೀಟರ್ ಪಾಕೆಟ್ಟುಗಳು ಪಕ್ಕದಲ್ಲೇ ಇರುತ್ತವೆ, ಹತ್ತು ರೂಪಾಯಿ ಕಡಿಮೆ ಎಂದು ಕೈ ಅದಕ್ಕೇ ಹೋಗುತ್ತದೆ. ಗ್ರಾಮಿಗೆ, ಮಿಲಿಲೀಟರಿಗೆ ಎಷ್ಟು ಎಂದು ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮ ಇದೆ. ಗರಿಷ್ಠ ಬೆಲೆಯ ಹತ್ತಿರವೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ ಅದನ್ನೇ ಹೋಲಿಸಿ. ದೊಡ್ಡದು ಕೊಂಡರೆ ಯಾವಾಗಲೂ ಅಗ್ಗ ಎಂಬುದೂ ನಂಬುವಂಥದ್ದಲ್ಲ. ಶ್ಯಾಂಪೂವಿನಲ್ಲಿ ಎಷ್ಟೋ ಸಲ ಸ್ಯಾಶೆಯೇ ಮಿಲಿಲೀಟರಿಗೆ ಅಗ್ಗ ಬೀಳುತ್ತದೆ. ಹಾಲನ್ನೇ ನೋಡಿ. 2024ರ ಜೂನ್‌ನಲ್ಲಿ ನಂದಿನಿ ಅರ್ಧ ಲೀಟರ್ ಪಾಕೆಟ್ 550 ಮಿಲಿಲೀಟರ್ ಆಗಿ ಬೆಲೆ ಏರಿತು, 2025ರ ಏಪ್ರಿಲ್‌ನಲ್ಲಿ ಮತ್ತೆ 500ಕ್ಕೆ ಬಂದು ಲೀಟರಿನ ಲೆಕ್ಕದಲ್ಲಿ ದರ ಇನ್ನೂ ಏರಿತು. ಪಾಕೆಟ್ಟಿನ ಬೆಲೆಯಷ್ಟೇ ಬರೆದಿಟ್ಟ ಮನೆಗೆ ನಿಜವಾದ ಏರಿಕೆ ಎಷ್ಟೆಂದು ತಿಳಿಯಲಿಲ್ಲ. ಎಣ್ಣೆಗೆ ಬಾಟಲಿಯಿಂದ ನೇರ ಸುರಿಯುವ ಬದಲು 15 ಮಿಲಿಲೀಟರಿನ ಒಂದು ಚಮಚ ಡಬ್ಬದಲ್ಲೇ ಇರಲಿ. ಅಕ್ಕಿ ಡಬ್ಬದಲ್ಲಿ ಹಳೇ ಪಾವು ಇರಲಿ. ಕೈಯಳತೆಯಲ್ಲಿ ಹಾಕಿದ ಅಕ್ಕಿ ದಿನಕ್ಕೊಂದು ಹಿಡಿ ಹೆಚ್ಚೇ ಬೀಳುತ್ತದೆ, ಮಾರನೇ ದಿನ ಕಸಕ್ಕೋ ದನಕ್ಕೋ ಹೋಗುತ್ತದೆ. ಪಾವನ್ನು ತುಂಬಿ, ಅಂಚಿನ ಮಟ್ಟಕ್ಕೆ ಕೈಯಾಡಿಸಿ ಹಾಕಿದರೆ ತಿಂಗಳಿಗೆ ಎಷ್ಟು ಅಕ್ಕಿ ಬೇಕೆಂದು ಗ್ರಾಮಿನ ಲೆಕ್ಕದಲ್ಲಿ ಹೇಳಬಹುದು.

ಪಡಿತರ ಅಕ್ಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ಅಲ್ಲಲ್ಲಿ ಬಣ್ಣದಲ್ಲೂ ಮೈಯಲ್ಲೂ ಬೇರೆಯಾಗಿ ಕಾಣುವ, ನೀರಿಗೆ ಹಾಕಿದರೆ ತೇಲುವ ಕಾಳುಗಳು ಇರುವುದುಂಟು. ಪ್ಲಾಸ್ಟಿಕ್ ಅಕ್ಕಿ ಎಂದು ಹೆದರಿ ಆರಿಸಿ ಬಿಸಾಡುವವರು ಬಹಳ ಮಂದಿ. ಅವು ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಸಾರವರ್ಧಿತ ಕಾಳುಗಳು, 100 ಕಾಳಿಗೆ 1ರಂತೆ ಬೆರೆಸಿರುತ್ತಾರೆ. ಮಕ್ಕಳಿಗೂ ಬಾಣಂತಿಯರಿಗೂ ಬೇಕಾದ ಸತ್ವವನ್ನೇ ಕಸಕ್ಕೆ ಹಾಕಿದಂತಾಗುತ್ತದೆ. ಅಕ್ಕಿಯನ್ನು ಎರಡೇ ನೀರಿನಲ್ಲಿ ತೊಳೆಯಿರಿ, ಗಂಜಿ ಬಸಿಯದೆ ಅಳತೆ ನೀರಿಟ್ಟು ಅನ್ನ ಮಾಡಿ. ಹುಳ ಬೀಳದಿರಲು ತಂದ ದಿನವೇ ನೆರಳಲ್ಲಿ ಹರವಿ, ಡಬ್ಬದ ಪಸೆ ಒಣಗಿಸಿ ತುಂಬಿ, ಒಣಗಿದ ಬೇವಿನ ಎಲೆ ಹಾಕಿ. ಹಸಿ ಎಲೆ ಹಾಕಿದರೆ ಅದರ ತೇವಕ್ಕೇ ಮುಗ್ಗಲು ಹಿಡಿಯುತ್ತದೆ.

ಇಷ್ಟೆಲ್ಲ ಹಿಡಿತ ಸಾಧಿಸಿದ ಮನೆಯೂ ಜೂನ್ ತಿಂಗಳಲ್ಲಿ ಸಾಲಕ್ಕೆ ಓಡುತ್ತದೆ. ಶಾಲೆಯ ಫೀಸು, ಪುಸ್ತಕ, ಗಾಡಿಯ ವಿಮೆ, ಗೌರಿ-ಗಣೇಶ, ದೀಪಾವಳಿ, ಊರಹಬ್ಬ ಇವೆಲ್ಲ ಬರುವುದು ವರ್ಷಕ್ಕೊಮ್ಮೆಯಾದರೂ ಬರುವುದು ಖಚಿತ. ಎಲ್ಲ ಕೂಡಿಸಿ 12ರಿಂದ ಭಾಗಿಸಿ. 30,000 ಆದರೆ ತಿಂಗಳಿಗೆ 2,500. ಅದನ್ನು ಬಾಡಿಗೆಯಂತೆ ಮೊದಲೇ ಎತ್ತಿಡಬೇಕು. ಅಂಚೆ ಕಚೇರಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) 5 ವರ್ಷದ್ದು, ಜೂನ್ ಫೀಸಿಗೆ ಒದಗುವುದಿಲ್ಲ. ಬ್ಯಾಂಕಿನಲ್ಲಿ 12 ತಿಂಗಳ ಆರ್‌ಡಿಯನ್ನು ಮೇ ತಿಂಗಳಿಗೆ ಮುಗಿಯುವಂತೆ ತೆರೆಯಿರಿ. ಸಾಲವೇ ಬೇಕಾದರೆ ಬಡ್ಡಿಯನ್ನೂ ಸರಿಯಾಗಿ ಅಳೆಯಿರಿ. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ 36. ಶೇ 12 ಫ್ಲಾಟ್, ಅಂದರೆ ಕೊನೆಯವರೆಗೂ ಪೂರ್ತಿ ಅಸಲಿನ ಮೇಲೆ ಬಡ್ಡಿ, ಎಂದು 10,000 ಕೊಟ್ಟು ಹನ್ನೆರಡು ಕಂತಿನಲ್ಲಿ 933ರಂತೆ ವಸೂಲಿ ಮಾಡಿದರೆ, ಅಸಲು ತಿಂಗಳು ತಿಂಗಳು ಕರಗುವುದರಿಂದ ನಿಜವಾದ ಬಡ್ಡಿ ಶೇ 21 ದಾಟುತ್ತದೆ. ಮೈಕ್ರೋ ಫೈನಾನ್ಸ್ ಸಾಲಗಾರರ ಮನೆಯ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಸಾಲ ಕೊಡಲು ಬಂದವರಿಗೆ ಇದನ್ನು ನೆನಪಿಸಿ.

ಕೊನೆಯದಾಗಿ ತಮ್ಮಲ್ಲಿ ಎರಡು ವಿನಂತಿ. ತಮ್ಮ ಪತ್ರಿಕೆಯಲ್ಲಿ ಎಪಿಎಂಸಿ ಧಾರಣೆ ಕ್ವಿಂಟಲ್ ಲೆಕ್ಕದಲ್ಲಿ ಬರುತ್ತದೆ, ಅದು ರೈತರಿಗೆ, ವರ್ತಕರಿಗೆ ಬೇಕು. ಅದರ ಕೆಳಗೆ ಅರ್ಧ ಕಾಲಂ ಜಾಗದಲ್ಲಿ ತೊಗರಿಬೇಳೆ, ಹುರುಳಿ, ಅಲಸಂದೆ, ರಾಗಿ, ಎಣ್ಣೆ, ಹಾಪ್‌ಕಾಮ್ಸ್ ತರಕಾರಿ ಇವುಗಳ ಚಿಲ್ಲರೆ ಕೆ.ಜಿ. ದರವನ್ನು, ಹಿಂದಿನ ವಾರದ ದರದ ಜೊತೆಗೆ, ಪ್ರತಿ ಶನಿವಾರ ಕೊಡಿ. ಭಾನುವಾರದ ಸಂತೆಗೆ ಹೋಗುವವರಿಗೆ ಈ ವಾರ ಯಾವ ಕಾಳು ತರಬೇಕು ಎಂಬುದು ಚೀಲ ಹಿಡಿಯುವ ಮೊದಲೇ ತಿಳಿಯುತ್ತದೆ. ಎರಡನೆಯದು, ಗ್ಯಾಸ್ ವಿತರಕರು ಮನೆ ಬಾಗಿಲಲ್ಲಿ ತೂಗಿ ಕೊಡುತ್ತಿದ್ದಾರೆಯೇ ಎಂದು ತಮ್ಮ ತಾಲ್ಲೂಕು ವರದಿಗಾರರು ಒಂದು ವಾರ ಬೀದಿ ಬೀದಿ ನೋಡಿ ಬರೆಯಲಿ. ತೂಕದ ಕೊಂಡಿ ಗಾಡಿಯಲ್ಲಿ ಇಲ್ಲದ ಊರುಗಳ ಪಟ್ಟಿ ಅಚ್ಚಾದ ಮರುದಿನ ಅದು ಗಾಡಿಯಲ್ಲಿ ಕಾಣಿಸುತ್ತದೆ.

ಇಂತಿ,
ತಮ್ಮ ಪತ್ರಿಕೆಯ ಓದುಗರು
ತಿಪಟೂರು